ಟ್ಯೂಬಿನ ಮುಚ್ಚಳ ಯಾವ ಬಣ್ಣದ್ದು: ಮಿದುಳು ಗಡ್ಡೆಯವರ ರಕ್ತ ಪರೀಕ್ಷೆಯಲ್ಲಿ ನನ್ನ ಅನುಭವ

ಗದಗದ ಕಡೆಯ ಒಬ್ಬ ಹುಡುಗ. ಅವನ ಅಪ್ಪನಿಗೆ ಮಿದುಳಿನಲ್ಲಿ ಗ್ಲಿಯೋಬ್ಲಾಸ್ಟೋಮಾ ಅನ್ನೋ ಗಡ್ಡೆ. ಆಪರೇಷನ್ ಆಗಿತ್ತು, ರೇಡಿಯೇಷನ್ ಮುಗಿದಿತ್ತು. 28 ದಿನಕ್ಕೊಮ್ಮೆ ಐದು ದಿನ ಟೆಮೊಜೊಲೊಮೈಡ್ ಅನ್ನೋ ಕೀಮೋ ಮಾತ್ರೆ ನಡೆಯುತ್ತಿತ್ತು. ಅದಕ್ಕಾಗಿ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬರುತ್ತಿದ್ದರು. ಬಂದಾಗಲೆಲ್ಲ ನಮ್ಮ ಸಂಶೋಧನೆಗೆ ಒಂದು ಟ್ಯೂಬ್ ರಕ್ತ ಕೊಟ್ಟು ಹೋಗುತ್ತಿದ್ದರು. ಒಂದು ದಿನ ಹುಡುಗ ಲ್ಯಾಬಿನ ಬಾಗಿಲಲ್ಲಿ ನಿಂತು ಕೇಳಿದ, "ಮೇಡಂ, ಅಪ್ಪಾರ ರಕ್ತದಾಗ ಏನರ ತಿಳೀತೇನ್ರಿ?"

ನಾನು ಆಗಷ್ಟೇ ಅವರ ಅಂಕಿಗಳನ್ನು ನೋಡಿದ್ದೆ. ವಿಇಜಿಎಫ್ ಅನ್ನೋ ಪ್ರೋಟೀನು ಮೂರು ತಿಂಗಳಲ್ಲಿ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಗಡ್ಡೆ ತನಗೆ ಬೇಕಾದ ರಕ್ತನಾಳ ಬೆಳೆಸಿಕೊಳ್ಳೋದು ಬಹುಮಟ್ಟಿಗೆ ಈ ಪ್ರೋಟೀನಿನಿಂದ. ಸಂಶೋಧನೆಯ ಅಂಕಿಯನ್ನು ಮನೆಯವರಿಗೆ ಹೇಳಬಾರದು, ಅದು ನಿಯಮ. ನನಗೂ ಗೊತ್ತಿತ್ತು. ಆದರೂ ಅವನ ಮುಖ ನೋಡಿ ಹೇಳಿಬಿಟ್ಟೆ. "ಕಡಿಮೆ ಆಗ್ತಾ ಇದೆಯಪ್ಪಾ. ಒಳ್ಳೇದೇ."

"ಹಂಗಾರ ಔಷಧ ಹತ್ತಾಕತ್ತೈತಿ ಅಂತಾತಲ್ರಿ!" ಅಂದ. ಹೊರಗೆ ಓಡಿಹೋಗಿ ಯಾರಿಗೋ ಫೋನ್ ಮಾಡಿದ. ಕಾರಿಡಾರಿನಲ್ಲಿ ಅವನ ದನಿ ಕೇಳಿಸುತ್ತಿತ್ತು.

ಎರಡು ವಾರಕ್ಕೆ ಎಂಆರ್‌ಐ ಬಂತು. ಗಡ್ಡೆ ಮತ್ತೆ ಬೆಳೆದಿತ್ತು.

ಆ ದಿನದಿಂದ ಶುರುವಾದ ಹುಡುಕಾಟವನ್ನು ಇಲ್ಲಿ ಬರೆಯುತ್ತಿದ್ದೇನೆ. ಮಿದುಳು ಗಡ್ಡೆಯವರ ರಕ್ತದಲ್ಲಿ ರಕ್ತನಾಳ ಬೆಳವಣಿಗೆಯ ಗುರುತು ಹುಡುಕೋ ಕೆಲಸಕ್ಕೆ ಈಗಷ್ಟೇ ಕೈ ಹಾಕಿರುವ ಹುಡುಗ ಹುಡುಗಿಯರು ನಮ್ಮಲ್ಲಿ ಬಹಳ ಜನ ಇದ್ದಾರೆ. ನನಗೆ ಯಾರೂ ಹೇಳದೇ ಇದ್ದದ್ದನ್ನು ಅವರಿಗೆ ಹೇಳಬೇಕು ಅನ್ನಿಸಿದೆ.

ಮೊದಲು ಈ ಗುರುತು ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಯಾವ ಜೀವಕೋಶಕ್ಕಾದರೂ ಉಸಿರಾಡಲು ರಕ್ತನಾಳ ಹತ್ತಿರ ಇರಬೇಕು. ಆಮ್ಲಜನಕ ನಾಳದಿಂದ ಒಂದು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ದೂರ ಮಾತ್ರ ಇಂಗಿ ಹೋಗಬಲ್ಲದು. ಹಾಗಾಗಿ ಗಡ್ಡೆ ಒಂದೆರಡು ಮಿಲಿಮೀಟರ್ ದಾಟಿ ಬೆಳೆಯಬೇಕಾದರೆ ಹೊಸ ರಕ್ತನಾಳ ಬೇಕೇ ಬೇಕು. ಬಾಸ್ಟನ್ನಿನ ಸರ್ಜನ್ ಜೂಡಾ ಫೋಕ್ಮನ್ ಇದನ್ನು 1971ರಲ್ಲಿ ಬರೆದಾಗ ಬಹಳ ಜನ ನಂಬಲಿಲ್ಲ. ನಾನು ಹಾಸನದ ಕಡೆಯವಳು. ನನಗೆ ಇದು ನಮ್ಮೂರ ನಾಲೆಯ ಹಾಗೆ ಕಾಣುತ್ತದೆ. ಮುಖ್ಯ ನಾಲೆಗೆ ಯಾರೋ ರಾತ್ರೋರಾತ್ರಿ ಪೈಪು ಇಳಿಸಿ ತಮ್ಮ ಗದ್ದೆಗೆ ನೀರು ತಿರುಗಿಸಿಕೊಂಡಂತೆ. ಪೈಪು ಸರಿಯಾಗಿ ಕೂತಿರುವುದಿಲ್ಲ. ದಾರಿಯುದ್ದಕ್ಕೂ ಸೋರುತ್ತದೆ, ಸುತ್ತ ಕೆಸರಾಗುತ್ತದೆ. ಗಡ್ಡೆಯ ರಕ್ತನಾಳಗಳೂ ಹಾಗೆಯೇ. ಡೊಂಕು, ಸೋರು, ಅಲ್ಲಲ್ಲಿ ಕುರುಡು ಕೊನೆ. ಆ ಸೋರುವಿಕೆಯಿಂದಲೇ ಮಿದುಳು ಬಾತುಕೊಂಡು ತಲೆನೋವು, ವಾಂತಿ ಬರೋದು.

ಈ ಸೋರುವಿಕೆ ಮಾಡಿಸುವ ವಸ್ತುವನ್ನು 1983ರಲ್ಲಿ ಸೆಂಗರ್, ಡ್ವೊರಾಕ್ ಮತ್ತು ಜೊತೆಯವರು ಗಿನಿಪಿಗ್‌ಗಳ ಗಡ್ಡೆಯಲ್ಲಿ ಕಂಡರು. 1989ರಲ್ಲಿ ನಪೋಲಿಯೋನೆ ಫೆರಾರಾ ಅವರ ತಂಡ ರಕ್ತನಾಳ ಬೆಳೆಸುವ ಪ್ರೋಟೀನು ಅಂತ ಬೇರೆ ಮಾಡಿ ತೆಗೆದದ್ದೂ ಅದೇ ಆಗಿತ್ತು. ಅದೇ ವಿಇಜಿಎಫ್. ಉಸಿರುಗಟ್ಟಿದ ಕೋಶಗಳು ಇದನ್ನು ಹೊರಗೆ ಬಿಡುತ್ತವೆ. ಗಾಳಿ ಸಾಲದು ಅಂತ ಕೋಶಕ್ಕೆ ಹೇಗೆ ಗೊತ್ತಾಗುತ್ತದೆ ಅನ್ನುವುದನ್ನು ಬಿಡಿಸಿದ ಸೆಮೆಂಜಾ, ರ‍್ಯಾಟ್‌ಕ್ಲಿಫ್, ಕೇಲಿನ್ ಮೂವರಿಗೆ 2019ರಲ್ಲಿ ನೊಬೆಲ್ ಬಂತು.

ಗ್ಲಿಯೋಬ್ಲಾಸ್ಟೋಮಾದಲ್ಲಿ ಈ ನಾಳಗಳ ಗುಂಪು ಎಷ್ಟು ಜೋರು ಅಂದರೆ, ಪೆಥಾಲಜಿಯವರು ಸ್ಲೈಡ್ ನೋಡಿ ಗಡ್ಡೆಯ ದರ್ಜೆ ಹೇಳುವಾಗ ಅದನ್ನೂ ಒಂದು ಲಕ್ಷಣ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನಾನು ಮೊದಲ ಸಲ ಮೈಕ್ರೊಸ್ಕೋಪಿನಲ್ಲಿ ನೋಡಿದಾಗ ದಾರದ ಉಂಡೆಗಳನ್ನು ಚೆಲ್ಲಿದಂತೆ ಕಂಡಿತು. ಇಷ್ಟು ಜೋರಾಗಿ ನಡೆಯುತ್ತಿರುವ ಕೆಲಸದ ಸುಳಿವು ರಕ್ತದಲ್ಲಿ ಸಿಗದೇ ಇರುತ್ತಾ ಅಂತ ಅನ್ನಿಸಿಬಿಟ್ಟಿತು. ಸಿಕ್ಕರೆ ಎಷ್ಟು ಅನುಕೂಲ ನೋಡಿ. ತಲೆಬುರುಡೆ ತೆರೆದು ಪದೇ ಪದೇ ಚೂರು ತೆಗೆಯೋಕೆ ಆಗುವುದಿಲ್ಲ. ಎಂಆರ್‌ಐಗೆ ದುಡ್ಡು, ದಿನಾಂಕ, ಪ್ರಯಾಣ ಎಲ್ಲ ಬೇಕು. ರೇಡಿಯೇಷನ್ ಆದ ಮೊದಲ ಕೆಲವು ತಿಂಗಳಲ್ಲಿ ಎಂಆರ್‌ಐ ಕೂಡ ದಾರಿ ತಪ್ಪಿಸುತ್ತದೆ. ಗಡ್ಡೆ ಬೆಳೆಯದಿದ್ದರೂ ಬೆಳೆದಂತೆ ಬೆಳ್ಳಗೆ ತೋರಿಸುತ್ತದೆ. ತೋಳಿನಿಂದ ನಾಲ್ಕು ಎಂಎಲ್ ರಕ್ತ ತೆಗೆದು ಉತ್ತರ ಸಿಕ್ಕರೆ ಯಾರಿಗೆ ಬೇಡ?

ಎಥಿಕ್ಸ್ ಕಮಿಟಿಗೆ ಕೊಡಲು ಒಪ್ಪಿಗೆ ಪತ್ರ ಬರೆಯುವಾಗ ಒಂದು ವಿಷಯ ನಡೆಯಿತು. ಮೊದಲ ಸಲ ನಾನು "ರಕ್ತನಾಳೋತ್ಪತ್ತಿ ಸೂಚಕಗಳ ಪರಿಮಾಣ ನಿರ್ಧಾರ" ಅಂತೆಲ್ಲ ಬರೆದಿದ್ದೆ. ಕನಕಪುರದ ಕಡೆಯ ಒಬ್ಬ ಹೆಂಗಸು ಅದನ್ನು ಓದಿ, ಮಡಚಿ ಕೈಗೆ ಕೊಟ್ಟು, "ಅಮ್ಮಾ, ನೀನೇ ಬಾಯಲ್ಲಿ ಹೇಳಿಬಿಡು, ನಂಗೆ ಸೈನ್ ಹಾಕೋಕೆ ಭಯ ಆಗ್ತದೆ" ಅಂದಳು. ನಾನು ಹೇಳಿದೆ. "ಗಡ್ಡೆ ತನಗೆ ಬೇಕಾದ ರಕ್ತದ ದಾರಿಗಳನ್ನು ತಾನೇ ಮಾಡಿಕೊಳ್ಳುತ್ತದೆ. ಹಾಗೆ ಮಾಡುವಾಗ ಏನಾದರೂ ಗುರುತು ರಕ್ತದಲ್ಲಿ ಸಿಗುತ್ತದಾ ಅಂತ ನೋಡುತ್ತೇವೆ. ಇದರಿಂದ ನಿಮ್ಮವರ ಚಿಕಿತ್ಸೆ ಬದಲಾಗುವುದಿಲ್ಲ. ಬೇಡ ಅಂದರೂ ಚಿಕಿತ್ಸೆ ನಿಲ್ಲುವುದಿಲ್ಲ." ಆಮೇಲೆ ಪತ್ರದಲ್ಲೂ ಅದನ್ನೇ ಬರೆದೆ. ಕಮಿಟಿ ಒಪ್ಪಿತು. ಈ ಕೆಲಸದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು ಅಂತ ಈಗಲೂ ಅನ್ನಿಸುತ್ತದೆ.

ರಕ್ತ ತೆಗೆಯುವ ವಿಷಯಕ್ಕೆ ಮಾತ್ರ ಅಷ್ಟು ಯೋಚನೆ ಮಾಡಲಿಲ್ಲ. ವಾರ್ಡಿನಲ್ಲಿ ದಿನಾ ಬೆಳಿಗ್ಗೆ ಲಿವರ್, ಕಿಡ್ನಿ ಪರೀಕ್ಷೆಗೆ ಹಳದಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಎಳೆಯುತ್ತಾರೆ. ಅದರ ಜೊತೆಗೇ ನಮಗೂ ಒಂದು ಹಳದಿ ಟ್ಯೂಬ್ ಎಳೆಯಿರಿ ಅಂತ ಸಿಸ್ಟರಿಗೆ ಹೇಳಿದೆ. ಅವರಿಗೂ ಸುಲಭ, ನನಗೂ ಸುಲಭ. ಹಳದಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಸೆಂಟ್ರಿಫ್ಯೂಜ್ ಅನ್ನೋ ಯಂತ್ರದಲ್ಲಿಟ್ಟು ಜೋರಾಗಿ ತಿರುಗಿಸಿದರೆ ಮೇಲೆ ತಿಳಿಯಾಗಿ ನಿಲ್ಲುವುದು ಸೀರಮ್. ಹತ್ತು ಗಂಟೆಗೆ ಎಳೆದ ರಕ್ತವನ್ನು ನಾನು ಕೆಲವು ದಿನ ಹನ್ನೊಂದಕ್ಕೆ, ಕೆಲವು ದಿನ ಊಟ ಆದ ಮೇಲೆ ತಿರುಗಿಸುತ್ತಿದ್ದೆ. ಹೀಗೆ ಏಳೆಂಟು ತಿಂಗಳು ಹೋಯಿತು.

ಎಂಆರ್‌ಐ ಬಂದ ದಿನ ಸಂಜೆ ಹುಡುಗನ ಅಪ್ಪನ ಫೈಲು ತೆಗೆದುಕೊಂಡು ಕೂತೆ. ವಿಇಜಿಎಫ್ ಇಳಿದಿದೆ, ಗಡ್ಡೆ ಬೆಳೆದಿದೆ. ಎಲ್ಲಿ ತಪ್ಪಿತು? ಕಿಟ್ ಕೆಟ್ಟಿದೆಯಾ, ಟ್ಯೂಬ್ ಅದಲುಬದಲಾಗಿದೆಯಾ ಅಂತ ಹುಡುಕಿದೆ. ಎಲ್ಲ ಸರಿ ಇತ್ತು. ಸುಮ್ನೆ ಅವರ ಹಳೆಯ ರಿಪೋರ್ಟುಗಳನ್ನು ತಿರುವಿಹಾಕುತ್ತಿದ್ದೆ. ಪ್ಲೇಟ್‌ಲೆಟ್ ಕೌಂಟಿನ ಸಾಲಿಗೆ ಕಣ್ಣು ಹೋಯಿತು. ಮಾತ್ರೆ ಶುರುವಾಗುವ ಮೊದಲು ಮೂರು ಲಕ್ಷದ ಹತ್ತಿರ. ಆಮೇಲೆ ಎರಡು ಲಕ್ಷದ ಕೆಳಗೆ. ಕೊನೆಯದು ಒಂದು ಲಕ್ಷದ ಸುತ್ತ. ಟೆಮೊಜೊಲೊಮೈಡ್ ಪ್ಲೇಟ್‌ಲೆಟ್ ಇಳಿಸುತ್ತದೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಪ್ರತಿ ಸುತ್ತಿಗೂ ಮುಂಚೆ ಕೌಂಟ್ ನೋಡುತ್ತಾರೆ. ಆ ಅಂಕಿಗಳನ್ನು ನನ್ನ ವಿಇಜಿಎಫ್ ಅಂಕಿಗಳ ಪಕ್ಕ ಬರೆದೆ. ಎರಡೂ ಕೈ ಹಿಡಿದುಕೊಂಡು ಮೆಟ್ಟಿಲು ಇಳಿದಂತೆ ಇಳಿದಿದ್ದವು.

ಡೆಂಗಿ ಬಂದಾಗಿನಿಂದ ನಮ್ಮಲ್ಲಿ ಪ್ಲೇಟ್‌ಲೆಟ್ ಅಂದರೆ ಏನು ಅಂತ ಎಲ್ಲರಿಗೂ ಗೊತ್ತು. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಚೂರುಗಳು. ಆದರೆ ಅವು ಒಳಗೆ ಚೀಲ ಕಟ್ಟಿಕೊಂಡು ಓಡಾಡುತ್ತವೆ. ಆ ಚೀಲದಲ್ಲಿ ಗಾಯ ಮಾಯಿಸಲು ಬೇಕಾದ ಸಾಮಾನು ಇರುತ್ತದೆ, ಅದರಲ್ಲಿ ವಿಇಜಿಎಫ್ ಕೂಡ ಒಂದು. ರಕ್ತ ಹೆಪ್ಪುಗಟ್ಟಿದ ಕೂಡಲೇ ಚೀಲ ಬಿಚ್ಚಿ ಸುರಿದುಬಿಡುತ್ತವೆ. ಹಳದಿ ಟ್ಯೂಬಿನೊಳಗೆ ಆಗುವುದು ಅದೇ. ನಾನು ಇಷ್ಟು ದಿನ ಅಳೆದದ್ದರಲ್ಲಿ ಬಹುಪಾಲು ಪ್ಲೇಟ್‌ಲೆಟ್ ಟ್ಯೂಬಿನಲ್ಲಿ ಸುರಿದ ವಿಇಜಿಎಫ್. ಔಷಧದಿಂದ ಪ್ಲೇಟ್‌ಲೆಟ್ ಇಳಿದಿದ್ದಕ್ಕೆ ಅದೂ ಇಳಿಯಿತು. ಅದನ್ನು ನಾನು ಆ ಹುಡುಗನಿಗೆ ಒಳ್ಳೇ ಸುದ್ದಿ ಅಂತ ಹೇಳಿದ್ದೆ.

ಹುಡುಕಿ ನೋಡಿದರೆ ಇದು ಹೊಸ ವಿಷಯವೇ ಅಲ್ಲ. 1990ರ ದಶಕದಲ್ಲೇ ಕ್ಯಾನ್ಸರ್ ಸಂಶೋಧಕರು ಬರೆದಿದ್ದಾರೆ. ಓದದೇ ಕೆಲಸ ಶುರು ಮಾಡಿದ್ದು ನನ್ನ ತಪ್ಪು.

ಮಾರನೇ ದಿನ ನನ್ನ ತೋಳಿನಿಂದಲೇ ಎರಡು ಟ್ಯೂಬ್ ಎಳೆಸಿದೆ. ಒಂದು ಹಳದಿ, ಒಂದು ನೇರಳೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಇರುತ್ತದೆ, ರಕ್ತ ಹೆಪ್ಪುಗಟ್ಟುವುದಿಲ್ಲ. ತಿರುಗಿಸಿದರೆ ಮೇಲೆ ನಿಲ್ಲುವುದು ಪ್ಲಾಸ್ಮಾ. ಲ್ಯಾಬಿನ ಇನ್ನೂ ಇಬ್ಬರು ತೋಳು ಕೊಟ್ಟರು. ಒಂದೇ ತೋಳು, ಒಂದೇ ಸೂಜಿ, ಒಂದೇ ನಿಮಿಷ. ಮೂವರಲ್ಲೂ ಸೀರಮ್ಮಿನ ಅಂಕಿ ಪ್ಲಾಸ್ಮಾದ ಅಂಕಿಗಿಂತ ಹಲವು ಪಟ್ಟು ಜಾಸ್ತಿ ಇತ್ತು. ನಮಗೆ ಯಾರಿಗೂ ಗಡ್ಡೆ ಇಲ್ಲ. ಟ್ಯೂಬಿನ ಮುಚ್ಚಳ ಮಾತ್ರ ಬೇರೆ.

ಏಳೆಂಟು ತಿಂಗಳ ಸೀರಮ್ ಎಲ್ಲ ಫ್ರೀಜರಿನಲ್ಲಿತ್ತು. ನಮ್ಮ ಸರ್ ಹತ್ತಿರ ಹೋಗಿ ಇದನ್ನು ಲೆಕ್ಕಕ್ಕೆ ಇಡೋಕಾಗಲ್ಲ ಅಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮೊದಲಿನಿಂದ ಮಾಡಮ್ಮ" ಅಂದರು. ಅಷ್ಟೇ.

ಈಗ ನಾನು ಮಾಡುವ ಕ್ರಮ ಹೇಳುತ್ತೇನೆ. ನಿಮ್ಮ ಕಿಟ್ ಬೇರೆ ಇದ್ದರೆ ಅದರ ಜೊತೆ ಬರುವ ಹಾಳೆಯನ್ನು ಪೂರ್ತಿ ಓದಿ. ಸಣ್ಣ ಅಕ್ಷರದಲ್ಲಿ ಇದೆಲ್ಲ ಇರುತ್ತದೆ.

ಪಟ್ಟಿಯನ್ನು ತೋಳಿಗೆ ತುಂಬ ಹೊತ್ತು ಕಟ್ಟಿ ಬಿಡುವುದಿಲ್ಲ. ತೀರ ಸಣ್ಣ ಸೂಜಿ ಬೇಡ. ನಾಳ ಸಿಗದೆ ಎರಡು ಮೂರು ಕಡೆ ಚುಚ್ಚಿದ್ದರೆ ಆ ದಿನ ನಮಗೆ ರಕ್ತ ಬೇಡ ಅನ್ನುತ್ತೇನೆ. ಚುಚ್ಚಿದಷ್ಟೂ ಪ್ಲೇಟ್‌ಲೆಟ್ ಕೆರಳುತ್ತವೆ, ರೋಗಿಗೂ ನೋವು. ಮೊದಲು ಬಂದ ರಕ್ತ ವಾರ್ಡಿನ ಪರೀಕ್ಷೆಗೆ ಹೋಗುತ್ತದೆ, ಆಮೇಲಿನದು ನಮಗೆ. ನೇರಳೆ ಟ್ಯೂಬನ್ನು ಗೆರೆಯವರೆಗೆ ತುಂಬಿ, ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸಬೇಕು. ಅಲುಗಾಡಿಸಿ ನೊರೆ ಬರಿಸಬಾರದು. ಪ್ಲೇಟ್‌ಲೆಟ್ ಕೆರಳದ ಹಾಗೆ ಔಷಧ ಬೆರೆಸಿರುವ ಸಿಟಿಎಡಿ ಅನ್ನೋ ಟ್ಯೂಬು ಕೂಡ ಸಿಗುತ್ತದೆ. ಅದು ಇನ್ನೂ ಒಳ್ಳೆಯದು, ನಮ್ಮ ದುಡ್ಡಿಗೆ ಎಟುಕಲಿಲ್ಲ. ಯಾವುದನ್ನು ಹಿಡಿದರೂ ಕೊನೆಯವರೆಗೆ ಅದನ್ನೇ ಹಿಡಿಯಬೇಕು. ಅರ್ಧ ರೋಗಿಗಳಿಗೆ ಒಂದು, ಅರ್ಧ ರೋಗಿಗಳಿಗೆ ಇನ್ನೊಂದು ಮಾಡಿದರೆ ಹೋಲಿಸುವ ಹಾಗೇ ಇಲ್ಲ.

ಎಳೆದ ಅರ್ಧ ಗಂಟೆಯೊಳಗೆ ಟ್ಯೂಬು ಸೆಂಟ್ರಿಫ್ಯೂಜಿನಲ್ಲಿ ಇರಬೇಕು. ಹೇಳೋಕೆ ಸುಲಭ. ನಮ್ಮ ವಾರ್ಡು ಮೂರನೇ ಮಹಡಿ, ಲ್ಯಾಬು ಇನ್ನೊಂದು ಕಟ್ಟಡ. ಬೆಳಿಗ್ಗೆ ಲಿಫ್ಟಿನ ಮುಂದೆ ಸ್ಟ್ರೆಚರುಗಳ ಸಾಲು. ಹೀಗಾಗಿ ನಾನೇ ಒಂದು ಡಬ್ಬಿ ಹಿಡಿದು ವಾರ್ಡಿನಲ್ಲಿ ಕಾಯುತ್ತೇನೆ. ಮೊದಮೊದಲು ಸಿಸ್ಟರಿಗೆ ಇದು ಕಿರಿಕಿರಿ ಅನ್ನಿಸಿತು. 30 ಹಾಸಿಗೆ ನೋಡುವವರಿಗೆ ನನ್ನದೊಂದು ಟ್ಯೂಬು ಯಾವ ಮೂಲೆಗೆ? ನಾನು ಅವರನ್ನು ಒಂದು ದಿನ ಲ್ಯಾಬಿಗೆ ಕರೆದುಕೊಂಡು ಹೋಗಿ ನನ್ನದೇ ರಕ್ತದ ಎರಡು ಅಂಕಿಗಳನ್ನು ತೋರಿಸಿದೆ. "ಬರೀ ಮುಚ್ಚಳ ಬದಲಾದ್ರೆ ಇಷ್ಟು ಬದಲಾಗುತ್ತಾ ಮೇಡಂ?" ಅಂತ ಕೇಳಿದರು. ಅವತ್ತಿನಿಂದ ಟ್ಯೂಬಿನ ಮೇಲೆ ಎಳೆದ ಗಂಟೆ ನಿಮಿಷ ಬರೆಯುವುದನ್ನು ಅವರು ಒಂದು ದಿನವೂ ಮರೆತಿಲ್ಲ. ನಮ್ಮ ಅಂಕಿಗಳಲ್ಲಿ ಏನಾದರೂ ಹುರುಳಿದ್ದರೆ ಅದರ ಅರ್ಧ ಪಾಲು ಅವರದು.

ಮೊದಲ ಸುತ್ತು 4 ಡಿಗ್ರಿಯಲ್ಲಿ 1000 ಜಿಗೆ, ಅಂದರೆ ಭೂಮಿಯ ಸೆಳೆತದ ಸಾವಿರ ಪಟ್ಟು ಬಲಕ್ಕೆ, 15 ನಿಮಿಷ. ಆಗ ಕೆಳಗೆ ಕೆಂಪು, ನಡುವೆ ತೆಳ್ಳಗೆ ಕೆನೆಯಂಥ ಬಿಳಿ ಪದರ, ಮೇಲೆ ಹಳದಿ ಪ್ಲಾಸ್ಮಾ. ಆಸೆಪಟ್ಟು ಪೂರ್ತಿ ಎಳೆಯಬಾರದು. ಬಿಳಿ ಪದರದ ಮೇಲೆ ಅರ್ಧ ಸೆಂಟಿಮೀಟರ್ ಬಿಟ್ಟುಬಿಡಬೇಕು. ಎಳೆದ ಪ್ಲಾಸ್ಮಾವನ್ನು ಹೊಸ ಟ್ಯೂಬಿಗೆ ಹಾಕಿ ಮತ್ತೆ 10,000 ಜಿಗೆ 10 ನಿಮಿಷ. ಉಳಿದ ಪ್ಲೇಟ್‌ಲೆಟ್ ತಳಕ್ಕೆ ಕೂರುವುದು ಈ ಎರಡನೇ ಸುತ್ತಿನಲ್ಲಿ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಬಿಟ್ಟರೆ ಉಳಿದ ಪ್ಲೇಟ್‌ಲೆಟ್ ಫ್ರೀಜರಿನಲ್ಲಿ ಒಡೆದು, ಕರಗಿಸಿದಾಗ ಒಳಗಿದ್ದದ್ದನ್ನು ಬಿಡುತ್ತವೆ. ಅಲ್ಲಿಗೆ ಮತ್ತೆ ಹಳದಿ ಟ್ಯೂಬಿನ ಕಥೆಯೇ. ನಾನು ಆಗಾಗ ಒಂದೊಂದು ಸ್ಯಾಂಪಲ್ಲನ್ನು ಸೆಲ್ ಕೌಂಟರಿನಲ್ಲಿ ಹಾಕಿ ನೋಡುತ್ತೇನೆ. ಒಂದು ಮೈಕ್ರೊಲೀಟರಿಗೆ 10,000ಕ್ಕಿಂತ ಕಡಿಮೆ ಪ್ಲೇಟ್‌ಲೆಟ್ ಇದ್ದರೆ ಸಮಾಧಾನ. ಪ್ಲಾಸ್ಮಾ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಕೆಂಪು ಕಣ ಒಡೆದಿದೆ ಅಂತ ಅರ್ಥ. ಅದನ್ನು ಇಟ್ಟುಕೊಳ್ಳುವುದಿಲ್ಲ.

ಆಮೇಲೆ ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚಿ ಮೈನಸ್ 80ಕ್ಕೆ. ಒಮ್ಮೆ ಕರಗಿಸಿದ್ದನ್ನು ಮತ್ತೆ ಗಟ್ಟಿ ಮಾಡಬಾರದು. ಒಂದು ಪರೀಕ್ಷೆಗೆ ಒಂದು ಟ್ಯೂಬ್ ಅನ್ನುವಂತೆ ಹಂಚಿಕೊಂಡರೆ ಈ ತಾಪತ್ರಯ ಇಲ್ಲ. ಹೆಸರು ಬರೆಯಲು ಮಾರ್ಕರ್ ಪೆನ್ನು ನಂಬಬೇಡಿ, ಸ್ಪಿರಿಟ್ ತಾಗಿದರೆ ಅಳಿಸಿಹೋಗುತ್ತದೆ.

ಅಳೆಯುವುದು ಎಲಿಸಾ ಅನ್ನೋ ಆಂಟಿಬಾಡಿ ಪರೀಕ್ಷೆಯಲ್ಲಿ. ಈ ದಿನ ನನಗೆ ತುಂಬ ಇಷ್ಟ. 96 ಗುಣಿಗಳ ತಟ್ಟೆ. ತಳದಲ್ಲಿ ವಿಇಜಿಎಫ್ ಹಿಡಿಯುವ ಆಂಟಿಬಾಡಿ ಮೊದಲೇ ಅಂಟಿಸಿರುತ್ತಾರೆ. ಮೊದಲ ಸಾಲಿನಲ್ಲಿ ನಮಗೆ ಗೊತ್ತಿರುವ ಅಳತೆಯ ವಿಇಜಿಎಫ್, ಒಂದರಿಂದ ಒಂದಕ್ಕೆ ಅರ್ಧರ್ಧ ಮಾಡುತ್ತ ಬರುತ್ತೇನೆ. ಉಳಿದವುಗಳಲ್ಲಿ ರೋಗಿಗಳ ಪ್ಲಾಸ್ಮಾ, ಪ್ರತಿಯೊಂದೂ ಎರಡೆರಡು ಗುಣಿ. ಕಾಯುವುದು, ತೊಳೆಯುವುದು, ಎರಡನೇ ಆಂಟಿಬಾಡಿ ಹಾಕುವುದು, ಮತ್ತೆ ಕಾಯುವುದು, ತೊಳೆಯುವುದು. ಕೊನೆಗೆ ಬಣ್ಣದ ದ್ರಾವಣ. ಕತ್ತಲಲ್ಲಿಟ್ಟು ತೆಗೆದರೆ ಗುಣಿಗಳು ಗಾಢ ನೀಲಿಯಿಂದ ತಿಳಿ ನೀಲಿಯವರೆಗೆ ಸಾಲಾಗಿ ನಿಂತಿರುತ್ತವೆ. ಆಸಿಡ್ ಬಿಟ್ಟ ಕೂಡಲೇ ನೀಲಿ ಎಲ್ಲ ಹಳದಿಯಾಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಜಾರಾಗಿಲ್ಲ. ಯಂತ್ರ 450 ನ್ಯಾನೊಮೀಟರಿನಲ್ಲಿ ಆ ಹಳದಿಯ ಗಾಢತೆ ಓದುತ್ತದೆ.

ನಾವು ಹುಡುಕುತ್ತಿರುವುದು ಒಂದು ಎಂಎಲ್ ಪ್ಲಾಸ್ಮಾದಲ್ಲಿ ಕೆಲವು ಹತ್ತು ಪಿಕೊಗ್ರಾಮ್. ಒಂದು ಪಿಕೊಗ್ರಾಮ್ ಅಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಭಾಗ. ಕೈ ಸ್ವಲ್ಪ ನಡುಗಿದರೂ ಅಂಕಿ ಬದಲಾಗುತ್ತದೆ. ಅದಕ್ಕೇ ಒಂದು ಕಡ್ಡಾಯ ಮಾಡಿಕೊಂಡಿದ್ದೇನೆ. ಒಬ್ಬ ರೋಗಿಯ ಎಲ್ಲ ತಿಂಗಳುಗಳ ಪ್ಲಾಸ್ಮಾ ಒಂದೇ ತಟ್ಟೆಯಲ್ಲಿ, ಒಂದೇ ದಿನ. ಜನವರಿಯದನ್ನು ಒಂದು ಕಿಟ್ಟಿನಲ್ಲಿ, ಜೂನಿನದನ್ನು ಇನ್ನೊಂದು ಕಿಟ್ಟಿನಲ್ಲಿ ಅಳೆದರೆ ಬದಲಾದದ್ದು ಮನುಷ್ಯನೋ ಕಿಟ್ಟೋ ಹೇಳೋದು ಕಷ್ಟ. ಇದಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಕಾಯುತ್ತೇನೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಅಂಕಿ ಏರಲು ಇಳಿಯಲು ಬೇರೆ ಕಾರಣಗಳಿವೆ. ಆಪರೇಷನ್ ಆದ ಮೇಲೆ ತಲೆಯ ಗಾಯ ಮಾಯುವಾಗ ದೇಹವೇ ವಿಇಜಿಎಫ್ ಬಿಡುತ್ತದೆ. ಆಪರೇಷನ್ ಆದ ಕೆಲವು ವಾರದ ಅಂಕಿ ಗಡ್ಡೆಯದ್ದೋ ಹೊಲಿಗೆಯದ್ದೋ ತಿಳಿಯುವುದಿಲ್ಲ. ಬಾವು ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ವಿಇಜಿಎಫ್ ಅನ್ನು ತಗ್ಗಿಸುತ್ತದೆ. ಆ ದಿನ ಎಷ್ಟು ಮಿಲಿಗ್ರಾಮ್ ಕೊಟ್ಟಿದ್ದಾರೆ ಅಂತ ಬರೆದುಕೊಳ್ಳದಿದ್ದರೆ ಅಂಕಿಗೆ ಅರ್ಥವೇ ಇಲ್ಲ. ಗಡ್ಡೆಯೊಳಗಿನ ನೀರಿನ ಚೀಲಗಳಲ್ಲಿ ರಕ್ತದಲ್ಲಿರುವುದಕ್ಕಿಂತ ನೂರಾರು ಪಟ್ಟು ಜಾಸ್ತಿ ವಿಇಜಿಎಫ್ ಸಿಕ್ಕಿದೆ. ಅಲ್ಲಿ ಅಷ್ಟಿದ್ದರೂ ತೋಳಿನ ರಕ್ತಕ್ಕೆ ಬರುವುದು ಅದರ ತೀರ ಸಣ್ಣ ಪಾಲು. ದೊಡ್ಡ ಕೆರೆಗೆ ಒಂದು ಚೊಂಬು ಬಣ್ಣ ಹುಯ್ದು ಇನ್ನೊಂದು ದಡದಲ್ಲಿ ಹುಡುಕಿದಂತೆ.

ಬೆವಾಸಿಜುಮಾಬ್ ಕೊಟ್ಟವರಲ್ಲಿ ಇನ್ನೊಂದು ತೊಡಕು. ಇದು ವಿಇಜಿಎಫ್ ಅನ್ನೇ ಹಿಡಿದುಹಾಕುವ ಆಂಟಿಬಾಡಿ. ಹಿಡಿದದ್ದು ರಕ್ತದಿಂದ ಬೇಗ ಹೊರಗೆ ಹೋಗುವುದಿಲ್ಲ, ಔಷಧದ ಜೊತೆಗೇ ಸುತ್ತುತ್ತಿರುತ್ತದೆ. ಹಾಗಾಗಿ ಕಟ್ಟಿಹಾಕಿದ್ದನ್ನೂ ಸೇರಿಸಿ ಲೆಕ್ಕ ಹಾಕಿದರೆ ವಿಇಜಿಎಫ್ ಏರಿರುತ್ತದೆ. ಬಿಡಿಯಾಗಿ ಉಳಿದದ್ದನ್ನು ಮಾತ್ರ ನೋಡಿದರೆ ಇಳಿದಿರುತ್ತದೆ. ಒಂದೇ ರಕ್ತ, ಎರಡು ಉತ್ತರ. ನಿಮ್ಮ ಕಿಟ್ ಯಾವುದನ್ನು ನೋಡುತ್ತದೆ ಅಂತ ಗೊತ್ತಿಲ್ಲದೆ ಈ ರೋಗಿಗಳ ಅಂಕಿ ಮುಟ್ಟಬೇಡಿ.

ಈ ಔಷಧದ ಕಥೆಯನ್ನೂ ಹೇಳಬೇಕು. ಅಮೆರಿಕದಲ್ಲಿ 2009ರಲ್ಲಿ, ಮರುಕಳಿಸಿದ ಗ್ಲಿಯೋಬ್ಲಾಸ್ಟೋಮಾಗೆ ಇದಕ್ಕೆ ಅವಸರದ ಒಪ್ಪಿಗೆ ಸಿಕ್ಕಿತು, 2017ರಲ್ಲಿ ಪೂರ್ತಿ ಒಪ್ಪಿಗೆ. ಕೊಟ್ಟ ಕೆಲವೇ ದಿನದಲ್ಲಿ ಬಾವು ಇಳಿದು, ಸ್ಟೀರಾಯ್ಡ್ ಕಡಿಮೆ ಮಾಡಿ, ಮಾತು ನಡಿಗೆ ಸುಧಾರಿಸಿದವರನ್ನು ನಾನೇ ನೋಡಿದ್ದೇನೆ. ಅದು ಸಣ್ಣ ವಿಷಯ ಅಲ್ಲ. ಆದರೆ ಹೊಸದಾಗಿ ಗಡ್ಡೆ ಕಂಡವರಿಗೆ ಮೊದಲಿನಿಂದಲೇ ಕೊಟ್ಟು ನೋಡಿದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2014ರಲ್ಲಿ ಬಂತು. ಅವಾಗ್ಲಿಯೊ ಅನ್ನೋ ಪ್ರಯೋಗದಲ್ಲಿ ಗಡ್ಡೆ ಬೆಳೆಯದೆ ನಿಂತ ಅವಧಿ 6.2 ತಿಂಗಳಿಂದ 10.6ಕ್ಕೆ ಏರಿತು. ಬದುಕಿದ ಅವಧಿ ಮಾತ್ರ ಹೆಚ್ಚುಕಡಿಮೆ ಅಷ್ಟೇ, 16.7 ಮತ್ತು 16.8 ತಿಂಗಳು. ಇನ್ನೊಂದು ಪ್ರಯೋಗದಲ್ಲೂ ಬದುಕಿದ ಅವಧಿ ಹೆಚ್ಚಲಿಲ್ಲ. ಯಾರಿಗೆ ಇದು ಒಗ್ಗುತ್ತದೆ ಅಂತ ಮೊದಲೇ ರಕ್ತ ನೋಡಿ ಹೇಳುವ ಹಾಗಿದ್ದರೆ ಎಷ್ಟೋ ಮನೆಯವರ ದುಡ್ಡು, ಓಡಾಟ ಉಳಿಯುತ್ತಿತ್ತು. ಬಹಳ ಜನ ಹುಡುಕಿದ್ದಾರೆ. ನಂಬಿ ಚಿಕಿತ್ಸೆ ನಿರ್ಧರಿಸಬಹುದಾದ ರಕ್ತದ ಗುರುತು ಇನ್ನೂ ಕೈಗೆ ಬಂದಿಲ್ಲ.

ಕೈಗೆ ಬಂದಿರುವುದು ಬೇರೆ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಬ್ಯಾಚೆಲರ್ ಮತ್ತು ರಾಕೇಶ್ ಜೈನ್ ಅವರ ತಂಡ ವಿಇಜಿಎಫ್ ಕೆಲಸವನ್ನು ತಡೆಯುವ ಸೆಡಿರಾನಿಬ್ ಅನ್ನೋ ಔಷಧ ಕೊಟ್ಟವರನ್ನು ನೋಡಿ 2007ರಲ್ಲಿ ಬರೆಯಿತು. ಜೈನ್ ಅವರು ಐಐಟಿ ಕಾನ್ಪುರದಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿದವರು. ರಕ್ತದ ಹರಿವನ್ನು ಪೈಪಿನ ನೀರಿನ ಹಾಗೆ ಲೆಕ್ಕ ಹಾಕುವ ಅವರ ಬರಹ ಓದಿದಾಗೆಲ್ಲ ನನಗೆ ನಮ್ಮೂರ ನಾಲೆಯೇ ನೆನಪಾಗುತ್ತದೆ. ಅವರು ಕಂಡದ್ದು ಇದು. ಔಷಧ ಕೊಟ್ಟ ಕೂಡಲೇ ಪ್ಲಾಸ್ಮಾದಲ್ಲಿ ವಿಇಜಿಎಫ್ ಕುಟುಂಬದ್ದೇ ಆದ ಇನ್ನೊಂದು ಪ್ರೋಟೀನು ಪಿಎಲ್‌ಜಿಎಫ್ ಏರುತ್ತದೆ, ಕೋಶದ ಮೇಲೆ ವಿಇಜಿಎಫ್ ಹಿಡಿಯುವ ಕೊಂಡಿಯ (ರಿಸೆಪ್ಟರ್) ರಕ್ತದಲ್ಲಿ ತೇಲುವ ಬಿಡಿ ರೂಪ ಇಳಿಯುತ್ತದೆ. ಗಡ್ಡೆ ಔಷಧಕ್ಕೆ ಬಗ್ಗದೆ ಮತ್ತೆ ಎದ್ದಾಗ ರಕ್ತನಾಳ ಬೆಳೆಸಲು ನೆರವಾಗುವ ಬೇರೆ ಪ್ರೋಟೀನುಗಳಾದ ಬಿಎಫ್‌ಜಿಎಫ್ ಮತ್ತು ಎಸ್‌ಡಿಎಫ್1 ಆಲ್ಫಾ ಏರುತ್ತವೆ. ಒಂದು ದಾರಿ ಮುಚ್ಚಿದರೆ ಗಡ್ಡೆ ಇನ್ನೊಂದು ದಾರಿ ಹುಡುಕುತ್ತದೆ.

ಇದನ್ನು ಓದುವಾಗ ಹುಡುಗನ ಮಾತು ನೆನಪಾಯಿತು. ಔಷಧ ಹತ್ತೋದು. ಪಿಎಲ್‌ಜಿಎಫ್ ಏರಿದರೆ ಔಷಧ ತಾನು ಮುಟ್ಟಬೇಕಾದ ಕಡೆ ಮುಟ್ಟಿದೆ ಅಂತ ಮಾತ್ರ ಗೊತ್ತಾಗುತ್ತದೆ. ಮುಟ್ಟುವುದು ಬೇರೆ, ಹತ್ತುವುದು ಬೇರೆ. ಸೆಡಿರಾನಿಬ್ಬನ್ನೇ ನೋಡಿ. ಮುಟ್ಟಿದ್ದು ನಿಜ. ಆದರೂ ದೊಡ್ಡ ಪ್ರಯೋಗದಲ್ಲಿ ಹಳೆಯ ಲೊಮುಸ್ಟಿನ್ ಮಾತ್ರೆಗಿಂತ ಮೇಲು ಅಂತ ಸಾಬೀತಾಗಲಿಲ್ಲ, 2013ರಲ್ಲಿ ಅದು ಪ್ರಕಟವಾಯಿತು. ನಮ್ಮ ಕಡೆ ಮುಟ್ಟುವುದು, ಹತ್ತುವುದು ಈ ಎರಡನ್ನೂ ಬೆರೆಸಿ ಮಾತಾಡುವುದು ಜಾಸ್ತಿ. ಲ್ಯಾಬಿನವರೂ ಬೆರೆಸುತ್ತೇವೆ.

ಒಂದೇ ಪ್ರೋಟೀನನ್ನು ನಂಬಿ ಕೂರುವ ಕಾಲ ಮುಗಿಯಿತು ಅಂತ ನನ್ನ ಅಭಿಪ್ರಾಯ. ನಮ್ಮ ಬೆಂಗಳೂರಿನಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ಅವರ ತಂಡ ಗ್ಲಿಯೋಮಾ (ಗ್ಲಿಯೋಬ್ಲಾಸ್ಟೋಮಾ ಸೇರಿದ ಮಿದುಳು ಗಡ್ಡೆಗಳ ಗುಂಪು) ಇರುವವರನ್ನು ಆರೋಗ್ಯವಂತರಿಂದ ಬೇರೆ ಮಾಡಲು 18 ಪ್ರೋಟೀನುಗಳ ಗುಂಪನ್ನು ಒಟ್ಟಿಗೆ ನೋಡುವ ದಾರಿಯನ್ನು 2015ರಲ್ಲಿ ತೋರಿಸಿತು. ನಾನು ಈಗ ನಾಲ್ಕನ್ನು ಒಟ್ಟಿಗೆ ನೋಡುತ್ತೇನೆ: ವಿಇಜಿಎಫ್, ಪಿಎಲ್‌ಜಿಎಫ್, ವಿಇಜಿಎಫ್ ಕೊಂಡಿಯ ಬಿಡಿ ರೂಪ, ರಕ್ತನಾಳಗಳ ಇನ್ನೊಂದು ಪ್ರೋಟೀನಾದ ಆಂಜಿಯೊಪೊಯಿಟಿನ್ 2. ಇವತ್ತಿನ ಅಂಕಿಯನ್ನು ಬೇರೆಯವರ ಅಂಕಿಯ ಜೊತೆ ಹೋಲಿಸುವುದನ್ನು ಕಡಿಮೆ ಮಾಡಿದ್ದೇನೆ. ಆ ಮನುಷ್ಯನ ಹೋದ ತಿಂಗಳ ಅಂಕಿಯ ಜೊತೆ ಹೋಲಿಸುತ್ತೇನೆ. ಪಕ್ಕದಲ್ಲಿ ಆ ದಿನದ ಪ್ಲೇಟ್‌ಲೆಟ್ ಕೌಂಟ್, ಸ್ಟೀರಾಯ್ಡ್ ಎಷ್ಟು, ಆಪರೇಷನ್ ಆಗಿ ಎಷ್ಟು ದಿನ, ರಕ್ತ ಎಳೆದದ್ದು ತಿರುಗಿಸಿದ್ದು ಎಷ್ಟೊತ್ತಿಗೆ, ಎಲ್ಲ ಒಂದೇ ಸಾಲಿನಲ್ಲಿ. ಒಂದು ಕಾಲಂ ಖಾಲಿ ಇದ್ದರೂ ಆ ಸಾಲಿನ ಮೇಲೆ ತೀರ್ಮಾನ ಕೊಡುವುದಿಲ್ಲ.

ಮನೆಯವರಿಗೆ ಅಂಕಿ ಹೇಳುವುದನ್ನು ಪೂರ್ತಿ ನಿಲ್ಲಿಸಿದೆ. ಕೇಳಿದರೆ, "ಇದು ಇನ್ನೂ ಕಲಿಯುವ ಹಂತದಲ್ಲಿದೆ. ನಿಮ್ಮ ಡಾಕ್ಟ್ರು ಎಂಆರ್‌ಐ ನೋಡಿ ಹೇಳೋದೇ ಸರಿ" ಅನ್ನುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ. ರಕ್ತ ತಗೊಂಡು ಏನೂ ಹೇಳಲ್ಲ ಅಂತಾರೆ. ಅವರ ಬೇಜಾರು ನ್ಯಾಯವಾದದ್ದೇ. ಆದರೂ ಸುಳ್ಳು ಸಮಾಧಾನ ಕೊಡುವುದಕ್ಕಿಂತ ಇದೇ ಸರಿ.

ಆ ಹುಡುಗನಿಗೆ ಮಾತ್ರ ನಾನು ಒಂದು ಮಾತು ಬಾಕಿ ಇಟ್ಟಿದ್ದೆ. ಅವನ ಅಪ್ಪ ತೀರಿಕೊಂಡು ಕೆಲವು ತಿಂಗಳಾದ ಮೇಲೆ ಯಾವುದೋ ಕಾಗದಪತ್ರಕ್ಕೆ ಅಂತ ಆಸ್ಪತ್ರೆಗೆ ಬಂದಿದ್ದ. ಕ್ಯಾಂಟೀನಿನ ಹತ್ತಿರ ಕಂಡ. ನಾನೇ ಕರೆದು ಕೂರಿಸಿ ಎಲ್ಲ ಹೇಳಿದೆ. ಅವತ್ತು ನಾನು ಹೇಳಿದ್ದು ತಪ್ಪು, ಇಳಿದದ್ದು ಪ್ಲೇಟ್‌ಲೆಟ್, ಗಡ್ಡೆಯ ಲಕ್ಷಣ ಅಲ್ಲ, ಟ್ಯೂಬೇ ಸರಿ ಇರಲಿಲ್ಲ ಅಂತ. ಕ್ಷಮಿಸಪ್ಪಾ ಅಂದೆ.

ಅವನು ಟೀ ಲೋಟ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದ. "ಇರಲಿ ಬಿಡ್ರಿ ಮೇಡಂ. ಆ ಎರಡು ವಾರ ಅಪ್ಪಾರು ಚಲೋ ಉಂಡ್ರು" ಅಂದ. ಆಮೇಲೆ ಕೇಳಿದ, "ಅಪ್ಪಾರು ಕೊಟ್ಟ ರಕ್ತ ಎಲ್ಲಾ ಕೆಟ್ಟು ಹೋತೇನ್ರಿ ಹಂಗಾರ?"

ಇಲ್ಲ ಅಂದೆ. ಪ್ಲೇಟ್‌ಲೆಟ್ ಜೊತೆ ಅಂಕಿ ಹೇಗೆ ಇಳಿಯಿತು ಅಂತ ಹೊಸದಾಗಿ ಬರುವವರಿಗೆ ಕಲಿಸುವಾಗ ನಾನು ಮೊದಲು ತೋರಿಸುವುದು ಅವರದೇ ಗೆರೆ, ಹೆಸರಿಲ್ಲದೆ. ಆಮೇಲೆ ಬಂದ ಪ್ರತಿಯೊಬ್ಬರ ರಕ್ತವನ್ನೂ ಬೇರೆ ಟ್ಯೂಬಿನಲ್ಲಿ ಎಳೆಯಲು ಶುರು ಮಾಡಿದ್ದು ಅವರ ರಕ್ತ ನೋಡಿಯೇ.

"ಈಗ ಯಾವ ಬಣ್ಣದ್ದರಿ ಮುಚ್ಚಳ?"

"ನೇರಳೆ" ಅಂದೆ.